ಉಣಿಸುವುದು, ಉಳಿಸುವುದು

ನಮ್ಮ ಅಕ್ಕ ತೀರಿಕೊಂಡ ಹದಿಮೂರನೆಯ ದಿನ, ಬಂದವರೆಲ್ಲ ಊಟ ಮುಗಿಸಿ ಹೊರಟುಹೋದ ಮೇಲೆ, ಭಾವನವರು ಜಗುಲಿಯ ಕಂಬಕ್ಕೆ ಒರಗಿ ಕುಳಿತು ಒಂದು ಮಾತು ಹೇಳಿದರು: “ಎಲ್ಲರಿಗೂ ಬಡಿಸಿದೆವು ಕಣಯ್ಯಾ. ಅವಳು ಮಾತ್ರ ಹಸಿದುಕೊಂಡೇ ಹೋದಳು.”

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಇಂದಿನವರೆಗೆ ಅದು ನನ್ನ ಕಿವಿಯಲ್ಲಿ ಉಳಿದುಕೊಂಡಿದೆ. ಸತ್ತವರ ಮನೆಯಲ್ಲಿ ಆಡುವ ಮಾತುಗಳನ್ನೆಲ್ಲ ತೂಕ ಮಾಡಿ ನೋಡಬಾರದು, ನಿಜ. ಆದರೆ ಈ ಮಾತು ತಾನಾಗಿಯೇ ತೂಕಕ್ಕೆ ನಿಂತಿತು. ಅದರ ಹಿಂದೆ ಒಂದು ಆರೋಪವಿತ್ತು. ಆಸ್ಪತ್ರೆಯ ಮೇಲಲ್ಲ, ನಮ್ಮ ಮೇಲೆ.

ನಡೆದದ್ದು ಇಷ್ಟು. ಹೋದ ವರ್ಷದ ಶ್ರಾವಣದಲ್ಲಿ ಅಕ್ಕನಿಗೆ ಜ್ವರ ಬಂತು, ಕೆಮ್ಮು ಹೆಚ್ಚಿತು, ನಾಲ್ಕನೆಯ ದಿನ ಉಸಿರು ಮೇಲಕ್ಕೆಳೆಯಲು ಮೊದಲಾಯಿತು. ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಎರಡು ಶ್ವಾಸಕೋಶಗಳೂ ಕೆಟ್ಟಿವೆ ಎಂದರು. ಅಂದು ರಾತ್ರಿಯೇ ಗಂಟಲಿಗೆ ನಳಿಕೆ ಇಳಿಸಿ, ನಿದ್ರೆಯ ಔಷಧ ಕೊಟ್ಟು, ವೆಂಟಿಲೇಟರಿಗೆ ಹಚ್ಚಿದರು. ಒಂಬತ್ತು ದಿನ ಅವಳು ಹಾಗೆ ಮಲಗಿದ್ದಳು. ಭಾವನವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟರು. ಅಳುವವರಲ್ಲ, ಕೂಗುವವರೂ ಅಲ್ಲ. ಅವರು ಮಾಡಿದ್ದು ಒಂದೇ ಕೆಲಸ. ದಿನವೂ ಬೆಳಿಗ್ಗೆ ತೆಳ್ಳಗೆ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಫ್ಲಾಸ್ಕಿಗೆ ಹುಯ್ದುಕೊಂಡು ಆಸ್ಪತ್ರೆಗೆ ತರುತ್ತಿದ್ದರು. ದಿನವೂ ಅದನ್ನು ಒಳಗೆ ಬಿಡುತ್ತಿರಲಿಲ್ಲ.

ಮೂಗಿನ ನಳಿಕೆಯಲ್ಲಿ ಗಂಟೆಗೆ ಇಪ್ಪತ್ತು ಮಿಲಿಲೀಟರಿನಷ್ಟು ಪುಡಿ ಕಲಸಿದ ಆಹಾರ ಹೋಗುತ್ತಿತ್ತು. ಭಾವನವರು ಅದನ್ನು ಗಾಜಿನ ಆಚೆಯಿಂದ ನೋಡಿ ಲೆಕ್ಕ ಹಾಕಿದರು. ಮೂರನೆಯ ದಿನ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿ, “ಏನಮ್ಮ, ದಿನಕ್ಕೆ ಅರ್ಧ ಲೀಟರು ನೀರಾಹಾರದಲ್ಲಿ ಒಂದು ಜೀವ ಎದ್ದೀತೆ? ಉಪವಾಸ ಕೆಡವಿ ಯಾವ ರೋಗ ವಾಸಿ ಮಾಡುತ್ತೀರಿ?” ಎಂದು ಕೇಳಿದರು. ನಾನೂ ಅವರ ಜೊತೆಗೆ ಎರಡು ಬಿರುಸು ಮಾತು ಸೇರಿಸಿದೆ. ಆ ಹುಡುಗಿಗೆ ಮೂವತ್ತು ವರ್ಷ ತುಂಬಿತ್ತೋ ಇಲ್ಲವೋ. ಅವಳು ಸಿಟ್ಟಾಗಲಿಲ್ಲ. “ಮೊದಲ ವಾರದಲ್ಲಿ ಹೆಚ್ಚು ಕೊಟ್ಟರೆ ಒಳ್ಳೆಯದಾಗುತ್ತದೆ ಎಂದು ನಾವೂ ಬಹಳ ಕಾಲ ನಂಬಿದ್ದೆವು ಸಾರ್. ಈಗ ಹಾಗೆ ತೋರುವುದಿಲ್ಲ. ಕಡಮೆಯೆಂದರೆ ಎಷ್ಟು ಕಡಮೆ, ಅದು ನಮಗೂ ಪೂರ್ತಿ ಗೊತ್ತಿಲ್ಲ” ಎಂದಳು.

ಗೊತ್ತಿಲ್ಲ! ಗಂಟೆಗೊಮ್ಮೆ ಬೆಲೆ ಕಟ್ಟುವ ಮನೆಯಲ್ಲಿ ಈ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಆ ಉರಿ ಆರಲು ತಿಂಗಳುಗಳೇ ಹಿಡಿದವು. ಆರಿದ ಮೇಲೆ ನಾನು ಓದಿದ್ದನ್ನೂ ಯೋಚಿಸಿದ್ದನ್ನೂ ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆ ವೈದ್ಯರದು ಮಾತ್ರವೂ ಅಲ್ಲ.

ನಮ್ಮಲ್ಲಿ ಅನ್ನಕ್ಕೂ ಉಸಿರಿಗೂ ಬಹಳ ಹತ್ತಿರದ ನಂಟು. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ತನ್ನ ತಂದೆ ವರುಣನ ಬಳಿಗೆ ಹೋಗಿ ಬ್ರಹ್ಮವೆಂದರೇನೆಂದು ಕೇಳುತ್ತಾನೆ. ತಪಸ್ಸು ಮಾಡಿ ತಿಳಿ ಎಂದು ತಂದೆ ಕಳುಹಿಸುತ್ತಾನೆ. ಅವನಿಗೆ ಮೊದಲು ತೋರಿದ್ದು ಅನ್ನ, ಆಮೇಲೆ ತೋರಿದ್ದು ಪ್ರಾಣ. ಅಲ್ಲಿಗೂ ನಿಲ್ಲದೆ ಮತ್ತೆ ಮತ್ತೆ ಹಿಂದಿರುಗಿ ಕೇಳುತ್ತಾನೆ. ಇತ್ತ ನಮ್ಮ ದಿನದ ಬಾಳಿನಲ್ಲಿಯೂ ಅಷ್ಟೆ: ಎದುರಿಗೆ ಸಿಕ್ಕವರನ್ನು ‘ಊಟವಾಯಿತೆ’ ಎಂದು ಕೇಳುತ್ತೇವೆಯೇ ಹೊರತು ‘ಉಸಿರಾಡುತ್ತಿದ್ದೀರಾ’ ಎಂದು ಕೇಳುವುದಿಲ್ಲ. ಉಸಿರು ತಾನಾಗಿ ಬರುತ್ತದೆ. ಅನ್ನವನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬೇಕು. ಕೊಡುವುದರಲ್ಲಿ ಪ್ರೀತಿ ತೋರುತ್ತದೆ, ಕೊಡದಿರುವುದರಲ್ಲಿ ಅಪಚಾರವಾಗುತ್ತದೆ. ಆದರೆ ಉಸಿರನ್ನೂ ಇನ್ನೊಬ್ಬರು ಕೊಡಬೇಕಾದ ಕಾಲ ಬಂದರೆ? ಆಗ ಈ ಎರಡರ ನೀತಿಯೂ ಒಂದೇ ಆಗುತ್ತದೆಯೆ?

ಉಸಿರನ್ನು ಕೊಟ್ಟ ಕಥೆ ದೊಡ್ಡದು. 1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ಮಕ್ಕಳೂ ತರುಣರೂ ಗುಂಪುಗುಂಪಾಗಿ ಬಂದರು. ನುಂಗಲಾರದೆ, ಉಸಿರೆಳೆಯಲಾರದೆ ಇದ್ದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಅಂದಿನ ದೊಡ್ಡ ಯಂತ್ರವೆಂದರೆ 1928ರಲ್ಲಿ ಅಮೆರಿಕದ ಡ್ರಿಂಕರ್ ಮತ್ತು ಷಾ ಎಂಬವರು ಮಾಡಿದ ಕಬ್ಬಿಣದ ಪೆಟ್ಟಿಗೆ. ರೋಗಿಯ ತಲೆಯೊಂದು ಹೊರಗೆ, ಮೈಯೆಲ್ಲ ಒಳಗೆ. ಆ ಆಸ್ಪತ್ರೆಯಲ್ಲಿದ್ದುದು ಅಂಥದು ಒಂದೇ. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನನ್ನು ಕರೆಸಿದರು. ರೋಗಿಗಳ ರಕ್ತದಲ್ಲಿ ಕಂಡ ಏರುಪೇರಿಗೆ ಕಾರಣ ಬೇರೇನೂ ಅಲ್ಲ, ಹೊರಹೋಗಬೇಕಾದ ಇಂಗಾಲಾಮ್ಲ ಒಳಗೇ ಉಳಿದಿದೆ, ಉಸಿರು ಸಾಲದು ಎಂದು ಅವನು ಕಂಡುಕೊಂಡ. ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದ. ಹುಡುಗಿ ಉಳಿದಳು.

ಯಂತ್ರವಿಲ್ಲ, ರೋಗಿಗಳು ಒಂದೇ ವೇಳೆಗೆ ಎಪ್ಪತ್ತರವರೆಗೆ. ಆಗ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ಮಂದಿ ಹುಡುಗರು, ಹುಡುಗಿಯರು ಸರದಿಯ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು ಹಗಲೂ ರಾತ್ರಿಯೂ ಚೀಲ ಒತ್ತಿದರು. ಒಟ್ಟು 1,65,000 ಗಂಟೆಗಳ ಕೆಲಸವಂತೆ. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಇದು. ಒಬ್ಬರ ಕೈ ಇನ್ನೊಬ್ಬರ ಉಸಿರಾದ ಈ ಕಥೆಯನ್ನು ಓದಿ ನನಗೆ ಕಣ್ಣು ತುಂಬಿತು. ಇಲ್ಲಿ ನೀತಿಯ ಪ್ರಶ್ನೆಯೇ ಏಳುವುದಿಲ್ಲ. ಕೊಟ್ಟರೆ ಬದುಕು, ಬಿಟ್ಟರೆ ಸಾವು. ಅಂತರ ಹಗಲಿನಷ್ಟು ಸ್ಪಷ್ಟ.

ತೊಡಕು ಬಂದದ್ದು ಆಮೇಲೆ. ಉಸಿರು ಕೊಡಬೇಕು ಎಂಬುದು ಸರಿ, ಎಷ್ಟು ಕೊಡಬೇಕು? ಧಾರಾಳವಾಗಿ ಕೊಡುವುದೇ ಒಳ್ಳೆಯದೆಂದು ವೈದ್ಯರು ನಂಬಿದರು. ಶ್ವಾಸಕೋಶಗಳು ಊದಿಕೊಂಡು ನೀರು ತುಂಬಿದವರಿಗೆ ದೊಡ್ಡ ದೊಡ್ಡ ಉಸಿರನ್ನೇ ತುಂಬಿಸಿದರು. ರಕ್ತದ ಪರೀಕ್ಷೆಯಲ್ಲಿ ಆಮ್ಲಜನಕ ಚೆನ್ನಾಗಿ ಕಾಣುತ್ತಿತ್ತು, ಎಲ್ಲರಿಗೂ ಸಮಾಧಾನ. ಆದರೆ ಇಟಲಿಯ ಗಟ್ಟಿನೋನಿ ಎಂಬ ವೈದ್ಯ, ಇಂಥ ರೋಗಿಯ ಎದೆಯಲ್ಲಿ ಗಾಳಿಗೆ ತೆರೆದಿರುವ ಭಾಗ ಒಂದು ಮಗುವಿನ ಶ್ವಾಸಕೋಶದಷ್ಟು ಮಾತ್ರ ಎಂದು ತೋರಿಸಿದ. ಮಗುವಿನ ಬಾಯಿಗೆ ಆಳಿನ ತುತ್ತನ್ನು ತುರುಕಿದಂತೆ ಆಗುತ್ತಿತ್ತು.

ಕೊನೆಗೆ ಅಮೆರಿಕದಲ್ಲಿ ಇದನ್ನು ಪರೀಕ್ಷೆಗೇ ಇಟ್ಟರು. 861 ರೋಗಿಗಳು. ಯಾರಿಗೆ ಯಾವ ಪ್ರಮಾಣ ಎಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡಿದರು: ಒಂದು ಗುಂಪಿಗೆ, ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋ ಒಂದಕ್ಕೆ, ಉಸಿರಿಗೆ 12 ಮಿಲಿಲೀಟರು ಗಾಳಿ, ಇನ್ನೊಂದು ಗುಂಪಿಗೆ 6. ಮೊದಲ ದಿನಗಳಲ್ಲಿ ಹೆಚ್ಚು ಗಾಳಿ ಪಡೆದವರ ರಕ್ತದಲ್ಲಿಯೇ ಆಮ್ಲಜನಕ ಚೆನ್ನಾಗಿತ್ತು. ಆದರೆ ಸತ್ತವರ ಲೆಕ್ಕ ತೆಗೆದಾಗ, ಅವರಲ್ಲಿ ನೂರಕ್ಕೆ 39.8; ಕಡಮೆ ಪಡೆದವರಲ್ಲಿ ನೂರಕ್ಕೆ 31. ಅಂತರ ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಮಧ್ಯದಲ್ಲಿಯೇ ನಿಲ್ಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣಿಗೆ ಹಿತವಾಗಿ ಕಂಡ ಅಂಕಿಯೇ ಅಷ್ಟು ವರ್ಷ ಮೋಸ ಮಾಡಿತ್ತು.

ಅನ್ನದ ಕಥೆಯೂ ಹೆಚ್ಚು ಕಡಮೆ ಇದೇ ದಾರಿ ಹಿಡಿಯಿತು. 1968ರಲ್ಲಿ ಅಮೆರಿಕದ ಡುಡ್ರಿಕ್ ಎಂಬ ಶಸ್ತ್ರವೈದ್ಯನೂ ಅವನ ಸಂಗಡಿಗರೂ, ಬಾಯಿಂದ ಏನನ್ನೂ ತಿನ್ನದೆ ಇದ್ದರೂ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು ಬೆಳೆಸಬಹುದೆಂದು ನಾಯಿಮರಿಗಳಲ್ಲಿ ತೋರಿಸಿದರು. ಕರುಳು ಕೆಟ್ಟ ಕೂಸುಗಳನ್ನು ಉಳಿಸಲು ಅದು ದಾರಿಯಾಯಿತು. ದೊಡ್ಡ ವಿದ್ಯೆ, ಸಂಶಯವಿಲ್ಲ. ಆದರೆ ಕೊಡಲು ಬಂದ ಮೇಲೆ, ಬೇಗ ಕೊಡು, ಪೂರ್ತಿ ಕೊಡು ಎಂಬ ಆತುರವೂ ಬಂತು. 2011ರಲ್ಲಿ ಬೆಲ್ಜಿಯಮ್ಮಿನ ವೈದ್ಯರು 4,640 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದರು: ನಳಿಕೆಯ ಆಹಾರ ಸಾಲದಿದ್ದಾಗ ರಕ್ತನಾಳದ ಆಹಾರವನ್ನು ಎರಡು ದಿನದೊಳಗೆ ಮೊದಲು ಮಾಡಿದವರಿಗಿಂತ, ಎಂಟನೆಯ ದಿನದವರೆಗೆ ತಡೆದವರಲ್ಲಿ ಸೋಂಕು ಕಡಮೆ, ಚೇತರಿಕೆ ಬೇಗ. 2012ರಲ್ಲಿ ಅಮೆರಿಕದಲ್ಲಿ 1,000 ಮಂದಿಯ ಮೇಲೆ, ಮೊದಲ ಆರು ದಿನ ಚೂರು ಆಹಾರ ಕೊಟ್ಟವರನ್ನೂ ಪೂರ್ತಿ ಕೊಟ್ಟವರನ್ನೂ ಹೋಲಿಸಿದರು. ವೆಂಟಿಲೇಟರಿನಿಂದ ಬಿಡುಗಡೆಯಾಗುವುದರಲ್ಲಿ ಭೇದವಿಲ್ಲ. 2023ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯಲ್ಲಿ 3,044 ರೋಗಿಗಳಿದ್ದರು. ಎಲ್ಲರೂ ವೆಂಟಿಲೇಟರಿನಲ್ಲಿ, ಎಲ್ಲರೂ ರಕ್ತದ ಒತ್ತಡ ಇಳಿದು ಔಷಧದ ಬಲದಲ್ಲಿದ್ದವರು. ಮೊದಲ ಏಳು ದಿನ ಒಂದು ಗುಂಪಿಗೆ ತೂಕದ ಕಿಲೋ ಒಂದಕ್ಕೆ ದಿನಕ್ಕೆ 25 ಕ್ಯಾಲರಿ, ಇನ್ನೊಂದು ಗುಂಪಿಗೆ 6 ಕ್ಯಾಲರಿ. ಅರವತ್ತು ಕಿಲೋ ತೂಕದವರಿಗೆ 1,500 ಮತ್ತು 360 ಎಂದಾಯಿತು. ಭಾವನವರ ಕೋಪಕ್ಕೆ ಕಾರಣವಾದ ಲೆಕ್ಕವೇ ಇದು. ತೊಂಬತ್ತು ದಿನಗಳ ಕೊನೆಯಲ್ಲಿ ಸಾವಿನ ಪ್ರಮಾಣದಲ್ಲಿ ಗಣನೀಯ ಭೇದವಿರಲಿಲ್ಲ. ಕಡಮೆ ಪಡೆದವರಿಗೆ ವಾಂತಿ ಭೇದಿ ಕಡಮೆ, ಕರುಳಿಗೆ ರಕ್ತ ನಿಂತು ಕೆಡುವುದು ಕಡಮೆ. ನಿಗಾ ಘಟಕದಿಂದ ಹೊರಬರಲು ಅವರು ಸ್ವಲ್ಪ ಮೊದಲೇ ಸಿದ್ಧರಾದರು.

ಇದಕ್ಕೆ ಕಾರಣವೇನು? ಬೇನೆ ತೀವ್ರವಾಗಿರುವಾಗ ದೇಹ ತನ್ನ ಕೂಡಿಟ್ಟ ಸಂಪತ್ತನ್ನು ತಾನೇ ಒಡೆದುಕೊಂಡು ಉರಿಸುತ್ತಿರುತ್ತದೆ. ಹೊರಗಿನಿಂದ ಕೊಟ್ಟರೂ ಆ ಒಡೆತ ನಿಲ್ಲುವುದಿಲ್ಲ. ಕೊಟ್ಟದ್ದು ಒಲೆಗೆ ಸೇರದೆ ಹೊರೆಯಾಗುತ್ತದೆ. ಜೀವಕಣಗಳು ಹಸಿದಾಗ ತಮ್ಮೊಳಗಿನ ಕಸವನ್ನು ತಾವೇ ಗುಡಿಸಿಕೊಳ್ಳುತ್ತವೆ, ತುಂಬಾ ಉಣಿಸಿದರೆ ಆ ಗುಡಿಸುವಿಕೆ ನಿಲ್ಲುತ್ತದೆ ಎಂಬುದು ಒಂದು ಊಹೆ. ಇದನ್ನು ಕೇಳಿ, ಲಂಘನವೇ ಪರಮ ಔಷಧವೆಂದು ನಮ್ಮ ಹಿರಿಯರು ಆಗಲೇ ಹೇಳಿರಲಿಲ್ಲವೆ ಎಂದು ಹೆಮ್ಮೆ ಪಡುವವರುಂಟು. ನನಗೂ ಒಂದು ಕ್ಷಣ ಹಾಗೆ ಅನಿಸಿತು. ಆದರೆ ನಮ್ಮ ಹಿರಿಯರು ವೆಂಟಿಲೇಟರಿನ ರೋಗಿಯನ್ನು ಕಂಡಿರಲಿಲ್ಲ. ಲಂಘನದಿಂದ ಸತ್ತವರ ಲೆಕ್ಕವನ್ನು ಇಟ್ಟವರೂ ಅಲ್ಲ. ಈ ಫಲಿತಾಂಶಗಳೂ ಮೊದಲ ಒಂದು ವಾರಕ್ಕೆ ಸಂಬಂಧಿಸಿದವು. ಆಮೇಲೆ ಮೈ ತುಂಬಿಕೊಳ್ಳಬೇಕಾದರೆ ಅನ್ನ ಬೇಕೇ ಬೇಕು. ಮೊದಲೇ ಸೊರಗಿ ಬಂದವರ ವಿಚಾರ ಇನ್ನೂ ಸೂಕ್ಷ್ಮ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಸೆರೆಯಲ್ಲಿ ಹಸಿದು ಹಣ್ಣಾದವರು ಬಿಡುಗಡೆಯಾಗಿ ಹೊಟ್ಟೆ ತುಂಬ ಉಂಡು ಸತ್ತ ಸಂಗತಿ ಚರಿತ್ರೆಯಲ್ಲಿದೆ. ಉಣಿಸಿದವರು ಕರುಣೆಯಿಂದಲೇ ಉಣಿಸಿದ್ದರು.

ಇಲ್ಲಿಗೆ ನನ್ನ ಮೊದಲನೆಯ ಪ್ರಶ್ನೆ ಎದುರಾಗುತ್ತದೆ. ಸಾಯುವ ಬದುಕುವ ಅಂಚಿನಲ್ಲಿರುವವರಿಗೆ ಎಷ್ಟು ಅನ್ನ, ಎಷ್ಟು ಉಸಿರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಧರ್ಮವೆ? ಮೊದಲು ಕೇಳಿದಾಗ ಇದು ಜೂಜಿನಂತೆ ಕಾಣುತ್ತದೆ. ಒಬ್ಬಳ ಎಲೆಗೆ ತುಂಬ ಬಡಿಸಿ, ಪಕ್ಕದವಳ ಎಲೆಗೆ ಒಂದು ಸೌಟು ಹಾಕಿ, ಯಾರು ಉಳಿಯುತ್ತಾರೋ ನೋಡೋಣ ಎನ್ನುವುದು ಮನುಷ್ಯತ್ವವೆ?

ಯೋಚಿಸಿದಷ್ಟೂ ನನಗೆ ತೋರಿದ್ದು ಬೇರೆ. ಚೀಟಿ ಎತ್ತದ ಕಾಲದಲ್ಲಿಯೂ ಜೂಜು ನಡೆದೇ ಇತ್ತು. 12 ಮಿಲಿಲೀಟರಿನ ಉಸಿರು ಕೊಟ್ಟ ವೈದ್ಯರು ಯಾವ ಚೀಟಿಯನ್ನೂ ಎತ್ತಲಿಲ್ಲ. ತಮ್ಮ ಅನುಭವದ ಮೇಲೆ, ವಿಶ್ವಾಸದ ಮೇಲೆ, ಒಳ್ಳೆಯ ಮನಸ್ಸಿನಿಂದ ಕೊಟ್ಟರು. ಅವರ ಕೈಯಲ್ಲಿ ಸತ್ತವರನ್ನು ರೋಗ ಕೊಂದಿತೆಂದೇ ಎಲ್ಲರೂ ತಿಳಿದರು. ಆ ಜೂಜಿನಲ್ಲಿ ಸೋತವರಿಗೆ ತಾವು ಸೋತದ್ದು ತಿಳಿಯಲಿಲ್ಲ. ಅವರ ಸಾವಿನಿಂದ ಮುಂದಿನವರು ಏನನ್ನೂ ಕಲಿಯಲಿಲ್ಲ. ಚೀಟಿಯ ಪರೀಕ್ಷೆಯಲ್ಲಿ, ನನಗೆ ತಿಳಿಯದು ಎಂಬ ಮಾತನ್ನು ಮೊದಲು ಒಪ್ಪಿಕೊಂಡು ಆಮೇಲೆ ಹೆಜ್ಜೆ ಇಡುತ್ತಾರೆ. ಯಾವ ದಾರಿ ಒಳ್ಳೆಯದೆಂದು ಬಲ್ಲವನು ಚೀಟಿ ಎತ್ತಿದರೆ ಅದು ಕ್ರೌರ್ಯ. ಕೋಪನ್‌ಹೇಗನ್ನಿನಲ್ಲಿ ಹಾಗೆ ಮಾಡಿದ್ದರೆ ಅದು ಕೊಲೆಯೇ ಆಗುತ್ತಿತ್ತು. ನಿಜವಾಗಿ ತಿಳಿಯದವನು ಎತ್ತಿದರೆ ಅದು ಪ್ರಾಮಾಣಿಕತೆ. ತಿಳಿಯದೆಯೂ ತಿಳಿದವನಂತೆ ನಡೆಯುವುದು ಇವೆರಡಕ್ಕಿಂತಲೂ ಬೇರೆ. ಲೋಕದಲ್ಲಿ ಹೆಚ್ಚಾಗಿ ನಡೆಯುವುದು ಅದೇ, ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಅಂದು ಡಾಕ್ಟರಮ್ಮ ‘ಗೊತ್ತಿಲ್ಲ’ ಎಂದಾಗ ನಾನು ಸಿಟ್ಟಾದೆನಲ್ಲ, ಗೊತ್ತಿದೆ ಎಂದು ಸುಳ್ಳು ಹೇಳಿದ್ದರೆ ನೆಮ್ಮದಿಯಿಂದ ಮಲಗುತ್ತಿದ್ದೆ. ಹಾಗಾದರೆ ನನಗೆ ಬೇಕಾಗಿದ್ದುದು ಅಕ್ಕನ ಹಿತವೋ, ನನ್ನ ನಿದ್ರೆಯೋ?

ಆದರೂ ಒಂದು ಅಳುಕು ನನ್ನಲ್ಲಿ ಉಳಿದಿದೆ. ಇಂಥ ಪರೀಕ್ಷೆಗೆ ಸೇರುವ ರೋಗಿ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ಬಹುಮಟ್ಟಿಗೆ ಅವನ ಪರವಾಗಿ ಮನೆಯವರೇ ಒಪ್ಪಿಗೆ ಕೊಡಬೇಕು. ಮನೆಯವರೆಂದರೆ ಯಾರು? ಮೂರು ರಾತ್ರಿ ಬೆಂಚಿನ ಮೇಲೆ ಕುಳಿತು ಬುದ್ಧಿ ಮಂಕಾದ ನನ್ನಂಥವರು. ಅಂಥವರಿಗೆ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಧರ್ಮ ಪೂರೈಸಿತೆಂದು ಹೇಳಲಾರೆ. ಅವರೊಡನೆ ಕುಳಿತು, ತಿಳಿದದ್ದೆಷ್ಟು ತಿಳಿಯದ್ದೆಷ್ಟು ಎಂದು ಬಿಡಿಸಿ ಹೇಳುವ ತಾಳ್ಮೆಯೂ ವಿದ್ಯೆಯ ಒಂದು ಭಾಗವೇ. ಅದಿಲ್ಲದ ಪರೀಕ್ಷೆಯಿಂದ ಸತ್ಯ ದೊರೆತರೂ ಅದರಲ್ಲಿ ಸಾಲದ ಪಾಲೊಂದು ಉಳಿಯುತ್ತದೆ.

ಎರಡನೆಯ ಪ್ರಶ್ನೆ ಭಾವನವರದು. ಅವರ ಫ್ಲಾಸ್ಕಿನಲ್ಲಿದ್ದ ಗಂಜಿಗೆ ಬೆಲೆಯೇ ಇಲ್ಲವೆ? ಉಣಿಸುವುದು ಬೇರೆ, ಉಳಿಸುವುದು ಬೇರೆ ಎಂದು ಅಂಕಿಗಳು ಹೇಳುತ್ತವೆ. ಆದರೆ ಉಣಿಸುವುದನ್ನು ಬರಿಯ ಕ್ಯಾಲರಿಯ ಸಾಗಾಣಿಕೆಯೆಂದು ತಿಳಿಯುವುದೂ ತಪ್ಪು. ನಮ್ಮ ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ 1973ರಲ್ಲಿ ಒಬ್ಬ ದುಷ್ಟನ ಕೈಗೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡಳು. 2015ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಅವಳಿಗೆ ಉಣಿಸಿದರು. ಅವಳಿಗೆ ಆಹಾರ ನಿಲ್ಲಿಸಬೇಕೆಂಬ ಅರ್ಜಿ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅವಳು ಬದುಕಿರಲಿ ಎಂದು ಆ ದಾದಿಯರು, ವೈದ್ಯರು ಬಯಸುತ್ತಾರೆಂಬುದನ್ನು ನ್ಯಾಯಾಲಯ ಮುಖ್ಯವಾಗಿ ಗಣಿಸಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ, ಮರಳಿ ಬರಲಾರದವರ ಕೃತಕ ಆಧಾರವನ್ನು ಕಟ್ಟುನಿಟ್ಟಿನ ನಿಯಮಗಳಿಂದ ತೆಗೆಯಲು ದಾರಿಯನ್ನೂ ತೆರೆಯಿತು. ಇವೆರಡೂ ಒಂದೇ ತೀರ್ಪಿನಲ್ಲಿ ಇರಬಹುದಾದರೆ, ಒಂದೇ ಮನಸ್ಸಿನಲ್ಲಿಯೂ ಇರಬಹುದು. ಕೊಡುವ ಕೈಯನ್ನು ಗೌರವಿಸಬೇಕು. ಕೊಡುವುದು ಯಾರ ಹಸಿವಿಗಾಗಿ ಎಂದೂ ಕೇಳಬೇಕು. ಪಡೆಯುವವರ ಹಸಿವಿಗೋ, ಕೊಡುವವರ ಹಸಿವಿಗೋ? ಕೊಡುವವರ ಹಸಿವೂ ಹಸಿವೇ. ಆದರೆ ಅದನ್ನು ರೋಗಿಯ ನಳಿಕೆಯ ಮೂಲಕ ತೀರಿಸಿಕೊಳ್ಳಬಾರದು.

ಇಷ್ಟನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಮೊನ್ನೆ ಭಾವನವರ ಮನೆಗೆ ಹೋದೆ. ಫ್ರಾನ್ಸಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಲೆಕ್ಕದ ಮೇಷ್ಟರಲ್ಲವೆ, ಶ್ರದ್ಧೆಯಿಂದ ಕೇಳಿದರು. ಎರಡು ಕಡೆ ತಡೆದು ಪ್ರಶ್ನೆ ಹಾಕಿದರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತ, “ಲೆಕ್ಕ ಸರಿಯಾಗಿಯೇ ಇದೆ ಕಣಯ್ಯಾ. ಆದರೆ ಆ ಮೂರು ಸಾವಿರದಲ್ಲಿ ಅವಳು ಇರಲಿಲ್ಲವಲ್ಲ” ಎಂದರು.

ಮಾತು ನಿಜ. ಮೂರು ಸಾವಿರ ಜನರ ಲೆಕ್ಕದಿಂದ ಮುಂದೆ ಬರುವ ನೂರು ಜನಕ್ಕೆ ಯಾವುದು ಹಿತವೆಂದು ಹೇಳಬಹುದು. ಹೋದ ಒಬ್ಬಳಿಗೆ ಏನಾಗುತ್ತಿತ್ತು ಎಂದು ಹೇಳಲಾಗದು. ಹೆಚ್ಚು ಉಣಿಸಿದ್ದರೆ ಅವಳು ಉಳಿಯುತ್ತಿದ್ದಳೆಂದು ಭಾವನವರೂ ಹೇಳಲಾರರು, ಉಳಿಯುತ್ತಿರಲಿಲ್ಲವೆಂದು ನಾನೂ ಹೇಳಲಾರೆ. ನನ್ನ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: “ಅವಳಿಗೆ ಹಸಿವಾಗಿತ್ತೆ?”

“ನಿದ್ರೆಯ ಔಷಧದಲ್ಲಿದ್ದಾಗ ಹಸಿವಿನ ಅರಿವಿರಲಾರದು ಎಂದು ಡಾಕ್ಟರು ಹೇಳಿದ್ದರು, ಭಾವ. ಕೊನೆಯ ದಿನ ಆ ನರ್ಸಮ್ಮ ಒದ್ದೆ ಹತ್ತಿ ಕೊಟ್ಟಳಲ್ಲ, ನೀವು ಅಕ್ಕನ ತುಟಿ ಒರೆಸಿದಿರಲ್ಲ.”

“ಹೂಂ. ತುಟಿ ಒಣಗಿತ್ತು.”

“ಒಂಬತ್ತು ದಿನ ನೀವು ತಂದ ಗಂಜಿ ಕುಡಿದವನು ನಾನು. ಬೆಳಗಿನಿಂದ ಏನೂ ತಿಂದಿರುತ್ತಿರಲಿಲ್ಲ. ನೀವು ಒಂದು ದಿನವೂ ಕುಡಿಯಲಿಲ್ಲ.”

ಭಾವನವರು ನನ್ನ ಮುಖ ನೋಡಿದರು. ಅವರಿಗೆ ಅದು ಅಂದು ಗಮನಕ್ಕೇ ಬಂದಿರಲಿಲ್ಲವೆಂದು ತೋರುತ್ತದೆ. ಒಳಗೆ ಸೊಸೆ ಎಲೆ ಹಾಕಿ ಕರೆದಳು. “ಏಳು, ಊಟಕ್ಕೆ ಹೊತ್ತಾಯಿತು” ಎಂದರು. ಎದ್ದೆವು. ಅಂದು ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.